ಕಾಶಿ ಬಿಡದ ಹಗ್ಗ

ಬೊಬ್ರುವಾಡದ ಮಾಬ್ಲೇಶ್ವರ ಎಲ್ಲಿ ನಿಂತರೂ ಮೊಣಕಾಲು ತುಸು ಬಗ್ಗಿಸಿಯೇ ನಿಲ್ಲುತ್ತಾನೆ. ಬಸ್ಸಿಗೆ ಕಾಯುವಾಗಲೂ ಹಾಗೆ, ದೇವರಿಗೆ ಕೈಮುಗಿಯುವಾಗಲೂ ಹಾಗೆ. ಹೊಸಬರು ವಾತವೆಂದು ತಿಳಿದು ಯಾವುದಾದರೂ ಎಣ್ಣೆಯ ಹೆಸರು ಹೇಳುತ್ತಾರೆ. ಅದು ವಾತವಲ್ಲ, ಎಪ್ಪತ್ತೊಂದರ ಯುದ್ಧ.

ಮೀಸೆ ಮೂಡುವ ಹೊತ್ತಿಗೆ ನೇವಿ ಸೇರಿದವನಿಗೆ ಸಿಕ್ಕಿದ್ದು ಮೈನು ತೆಗೆಯುವ ಹಡಗು. ಮೈನು ಎಂದರೆ ವೈರಿ ನೀರೊಳಗೆ ಇಟ್ಟುಹೋಗುವ ಬಾಂಬು. ಕೆಲವು ಮುಟ್ಟಿದರೆ ಸಿಡಿಯುತ್ತವೆ, ಕೆಲವಕ್ಕೆ ಕಬ್ಬಿಣ ಹತ್ತಿರ ಬಂದರೂ ಸಾಕು. ಅದಕ್ಕೇ ಆ ಹಡಗಿನ ಮೈಯೆಲ್ಲ ಮರ. ಉಕ್ಕಿನ ದೊಡ್ಡ ಹಡಗುಗಳು ಬಂದರು ಬಿಡುವ ಮೊದಲು ಈ ಮರದ ಹಡಗು ಉದ್ದನೆಯ ತಂತಿ ಎಳೆಯುತ್ತ ಮುಂದೆ ಹೋಗಿ ದಾರಿ ಗುಡಿಸಬೇಕು. ಆಗ ಒಬ್ಬನೂ ಕೆಳಗಿನ ಕೋಣೆಯಲ್ಲಿ ಇರುವಂತಿಲ್ಲ. ಅಡುಗೆಯವನೂ ಒಲೆ ಆರಿಸಿ ಮೇಲೆ ಬರಬೇಕು. ಎಲ್ಲರೂ ಮೊಣಕಾಲು ಬಗ್ಗಿಸಿ ನಿಲ್ಲಬೇಕು. ಕೆಳಗೆ ಸಿಡಿದರೆ ನೆಟ್ಟಗೆ ನಿಂತವನ ಕಾಲು ಮುರಿಯುತ್ತದೆ. ಹೀಗೆ ಆ ಹಡಗಿನ ಜನ ಇಡೀ ಯುದ್ಧವನ್ನು ಕೂರಲೂ ಇಲ್ಲ, ನಿಲ್ಲಲೂ ಇಲ್ಲ ಎಂಬಂತೆ ಕಳೆದರು. ತಂತಿಗೆ ಸಿಕ್ಕಿದ್ದು ಒಂದು ಹಳೆಯ ಲಂಗರು, ಯಾರದೋ ಹರಿದ ಬಲೆ, ಆ ಬಲೆಯಲ್ಲಿ ಒಂದಿಷ್ಟು ಬಂಗಡೆ. ಬಂಗಡೆಯನ್ನು ಹುರಿದು ತಿಂದರು. ಮೈನು ಒಂದೂ ಸಿಗಲಿಲ್ಲ. ಏನೂ ಆಗದಿದ್ದರೆ ನಾವು ಗೆದ್ದ ಹಾಗೆ ಎಂದು ಕಪ್ತಾನ ಎಲ್ಲರ ಬೆನ್ನು ತಟ್ಟಿದ.

ಊರಿಗೆ ಬಂದು ಇದನ್ನೇ ಹೇಳಿದರೆ ಯಾರಿಗೂ ರುಚಿಸಲಿಲ್ಲ. ಊರವರೇ ಅವನ ಪರವಾಗಿ ಒಂದೆರಡು ಬಾಂಬು ತೆಗೆದರು, ವರ್ಷ ಕಳೆದಂತೆ ನೂರಕ್ಕೆ ಮುಟ್ಟಿಸಿದರು. ಅಲ್ಲ ಅಲ್ಲ ಎಂದು ಹೇಳಿ ಅವನಿಗೇ ಸಾಕಾಯಿತು. ಅವನ ಮಾತನ್ನು ಇದ್ದ ಹಾಗೆ ನಂಬಿದವಳು ಹೆಂಡತಿ ಕಾಶಿ ಒಬ್ಬಳೇ. ಆ ನಂಬಿಕೆಯೇ ಮುಂದೆ ಅವನ ಜೀವ ಹಿಂಡಿತು.

ಕಳೆದ ವರ್ಷ ಮಳೆಗಾಲ ಕಳೆದ ಮೇಲೆ ಅದೇ ಊರಿನ ರವಿಕಿರಣ ತನ್ನ ಯೆಂಡಿ ಬಲೆ ಬಿಟ್ಟ. ಅದು ದಡದಲ್ಲಿ ನಿಂತು ಜನರೆಲ್ಲ ಕೂಡಿ ಎಳೆಯುವ ಬಲೆ. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನಲ್ಲಿ ಪಾಲು. ನಡುವೆ ಕೈಬಿಟ್ಟವರಿಗೆ ಇಲ್ಲ. ಗಂಡ ಹಡಗಿನಲ್ಲಿದ್ದ ಕಾಲದಲ್ಲಿ ಕಾಶಿಯ ಒಲೆ ಉರಿದದ್ದು ಈ ಪಾಲಿನಿಂದ. ಎಪ್ಪತ್ತು ದಾಟಿದರೂ ಅವಳು ಹಗ್ಗದ ತುದಿಯಲ್ಲಿ, ಎಲ್ಲರಿಗಿಂತ ಮುಂದೆ, ಮೊಣಕಾಲುದ್ದದ ನೀರಿನಲ್ಲೇ ನಿಲ್ಲುವವಳು.

ಬಲೆ ಹತ್ತಿರ ಬಂದಾಗ ಮೀನಿನ ನಡುವೆ ಒಂದು ದೊಡ್ಡ ಕಬ್ಬಿಣದ ಗುಂಡು ಕಂಡಿತು. ತುಕ್ಕು ಹಿಡಿದಿತ್ತು, ಮೈತುಂಬ ಚಿಪ್ಪು, ಅಲ್ಲಲ್ಲಿ ಗುಬಟು. ಯಾರೋ ಬಾಂಬು ಎಂದರು. ಎಳೆಯುವುದು ನಿಂತಿತು, ಆದರೆ ಒಬ್ಬರೂ ಹಗ್ಗ ಬಿಡಲಿಲ್ಲ. ಬಿಟ್ಟು ಓಡಿದ ಮೇಲೆ ಅದು ಬಾಂಬಲ್ಲ ಎಂದಾದರೆ ಪಕ್ಕದವನಿಗೆ ಮೀನು ಹೆಚ್ಚು ಸಿಗುತ್ತದಲ್ಲ. ಪೊಲೀಸ್ ಸುನಿಲ ಬಂದು ಹಿಂದೆ ಸರಿಯಿರಿ ಎಂದು ಕೂಗಿದ. ಜನ ಮಾತು ಕೇಳಿದರು, ಹಗ್ಗ ಹಿಡಿದುಕೊಂಡೇ ಹಿಂದೆ ಸರಿದರು. ಅವರು ಸರಿದಷ್ಟೂ ಗುಂಡು ದಡಕ್ಕೆ ಬಂತು. ಸುನಿಲ ಗಾಬರಿಯಾಗಿ ಎಲ್ಲರನ್ನೂ ಮುಂದೆ ಕರೆದ. ಭಾವಿಕೇರಿಯಿಂದ ತರಕಾರಿ ಮಾರಲು ಬಂದಿದ್ದ ಹೊನ್ನಮ್ಮ, ಇವರಲ್ಲಿ ಯಾರಾದರೂ ಓಡಿಯೇ ಓಡುತ್ತಾರೆ ಎಂದು ಲೆಕ್ಕ ಹಾಕಿ, ಬುಟ್ಟಿ ಇಳಿಸಿ ತಾನೂ ಹಗ್ಗ ಹಿಡಿದಳು.

ಮಾಬ್ಲೇಶ್ವರನನ್ನು ಕರೆತಂದರು. ಅವನ ಕಣ್ಣು ಮೊದಲು ಹೋದದ್ದು ಗುಂಡಿನ ಮೇಲಲ್ಲ, ಅದಕ್ಕೆ ಎಲ್ಲರಿಗಿಂತ ಹತ್ತಿರ ನಿಂತಿದ್ದ ಕಾಶಿಯ ಮೇಲೆ.

"ನಾ ಒಂದೂ ಕಂಡೋನಲ್ಲ. ನೇವಿಲಿ ಚಿತ್ರ ತೋರ್ಸಿದ್ರು. ಹೀಂಗೇ ಇತ್ತು," ಎಂದ.

ನೂರು ಬಾಂಬು ತೆಗೆದವರು ಹೀಗೇ ಮಾತಾಡುವುದು, ಬಾಯಿ ಬಿಡದಂತೆ ಸರ್ಕಾರ ಆಣೆ ಹಾಕಿಸಿರುತ್ತದೆ ಎಂದು ರವಿಕಿರಣ ಸುನಿಲನಿಗೆ ತಿಳಿಸಿಹೇಳಿದ.

ಮಾಬ್ಲೇಶ್ವರ ನೀರಿಗಿಳಿದು ಹೆಂಡತಿಯ ಪಕ್ಕ ನಿಂತ.

"ಹಗ್ಗ ಬಿಡೇ, ಕಾಶಿ."

"ಪಾಲು ಹೋತದೆ."

"ಜೀವ ಹೋತದೆ."

"ಇಡೀ ಯುದ್ಧ ಸಮುದ್ರ ಗುಡಿಸಿದ್ರಿ. ನಿಮ್ಗೇ ಒಂದು ಸಿಗ್ಲಿಲ್ಲ, ನಂಗೆ ಸಿಕ್ತದ್ಯಾ?"

ಅವಳು ಬಿಡುವುದಿಲ್ಲ, ಅವಳನ್ನು ಬಿಟ್ಟು ಅವನಿಗೆ ದಡ ಹತ್ತಲಾಗದು. ತಾನೂ ಹಗ್ಗ ಹಿಡಿದ. ಎಳೆಯಬೇಡಿ, ಸಡಿಲಲೂ ಬಿಡಬೇಡಿ, ಎಲ್ಲರೂ ಮೊಣಕಾಲು ಬಗ್ಗಿಸಿ ಎಂದು ಕೂಗಿದ. ದಡದುದ್ದಕ್ಕೂ ಊರು ಮೊಣಕಾಲು ಬಗ್ಗಿಸಿತು. ಹಗ್ಗ ಮುಟ್ಟದಿದ್ದರೂ ಸುನಿಲನೂ ಬಗ್ಗಿಸಿದ.

"ಎಷ್ಟೊತ್ತು ಹೀಂಗೆ, ಅಣ್ಣ?" ಎಂದು ಹೊನ್ನಮ್ಮ ಕೇಳಿದಳು.

"ಯುದ್ಧ ಮುಗಿಯೂವರಿಗೆ."

ಕಾರವಾರದ ಕಡೆಯಿಂದ ನೇವಿಯವರು ಬಂದರು. ಯಂತ್ರ ಹಿಡಿದು ಸುತ್ತೆಲ್ಲ ನೋಡಿ, ಇದು ಹಡಗಿಗೆ ದಾರಿ ತೋರಿಸಲು ತೇಲಿಬಿಡುವ ಬೋಯಾ, ಎಲ್ಲೋ ಸರಪಳಿ ಹರಿದು ಬಂದಿದೆ ಎಂದರು. ಅದನ್ನು ಬಿಡಿಸಿಕೊಳ್ಳಲು ತಾವೂ ನಾಲ್ಕು ಮಾರು ಹಗ್ಗ ಎಳೆದರು. ಎಳೆದ ಮೇಲೆ ಪಾಲು ಒಯ್ಯಲೇಬೇಕೆಂದು ರವಿಕಿರಣ ಹಠ ಹಿಡಿದ. ಅಧಿಕಾರಿ ಅದು ನಿಯಮಕ್ಕೆ ವಿರುದ್ಧ ಎಂದ. ಪಾಲು ಬಿಟ್ಟುಹೋದರೆ ಬಲೆಗೆ ಕೇಡು ಎಂದು ಹೆಂಗಸರು ದಾರಿಗೆ ಅಡ್ಡ ನಿಂತರು. ಕೊನೆಗೆ ನೇವಿಯವರು ಬಾಂಬು ಹಾಕಿಕೊಂಡು ಹೋಗಲು ತಂದಿದ್ದ ಪೆಟ್ಟಿಗೆಯಲ್ಲಿ ಬಂಗಡೆ ಹಾಕಿಕೊಂಡು ಹೋದರು.

ಎಲ್ಲರೂ ಮೀನಿನ ರಾಶಿಯ ಸುತ್ತ ಸೇರಿದರೂ ಕಾಶಿ ಹಗ್ಗ ಹಿಡಿದು ಮರಳಿನಲ್ಲೇ ಕೂತಿದ್ದಳು. ಬೆರಳು ಮರಗಟ್ಟಿ ಬಿಚ್ಚುತ್ತಿರಲಿಲ್ಲ. ಮಾಬ್ಲೇಶ್ವರ ಎದುರು ಕೂತು ಅವಳ ಬೆರಳನ್ನು ಒಂದೊಂದಾಗಿ ಬಿಡಿಸತೊಡಗಿದ. ಅವಳು ಮೀನಿನ ರಾಶಿಯ ಕಡೆ ನೋಡಿದಳು.

"ನೀವೂ ಹಗ್ಗ ಹಿಡ್ದಿದ್ರಲ್ಲ. ಪಾಲು ಕೇಳಿದ್ರಾ?"

ಕೇಳಿರಲಿಲ್ಲ.

"ಹೋಗಿ ಕೇಳಿ ಮೊದ್ಲು. ನನ್ನ ಕೈ ಎಲ್ಲೂ ಓಡಿಹೋಗೂದಿಲ್ಲ."

ಅವನು ಎದ್ದು ಹೋದ.