ಸೋಡಾ ಮಾಣಿಕಪ್ಪನ ಊರ ಥಂಡಿ

ಬೇಸಿಗೆಯ ಅನ್ನ ಉಂಡು ಚಳಿಗಾಲದ ಹಾಡು ಹಾಡುವವರನ್ನು ನೀವು ನೋಡಿರಲಿಕ್ಕಿಲ್ಲ. ನಮ್ಮ ಚಿತ್ತಾಪುರದಲ್ಲಿ ಅಂಥವನೊಬ್ಬನಿದ್ದ. ಹೆಸರು ಮಾಣಿಕಪ್ಪ, ಕಸುಬು ಗೋಲಿ ಸೋಡಾ. ಹೈದರಾಬಾದಿನ ಪೊಲೀಸ್ ಆ್ಯಕ್ಷನ್ ಆಗಿ ನಾಲ್ಕೈದು ವರ್ಷ ಕಳೆದಿದ್ದ ಕಾಲ. ರೈಲು ಸ್ಟೇಷನ್ನಿನ ದಾರಿಯಲ್ಲಿ ಅವನ ಅಂಗಡಿ. ಶಿವರಾತ್ರಿಯಿಂದ ಜೂನಿನ ಮಿರಗದ ಮಳೆಯವರೆಗೆ ಅಲ್ಲಿ ನಿಲ್ಲಲು ಜಾಗವಿರುತ್ತಿರಲಿಲ್ಲ. ವಾಡಿಯಿಂದ ರೈಲಿನಲ್ಲಿ ಬಂದ ಬರ್ಫವನ್ನು, ಅಂದರೆ ಮಂಜುಗಡ್ಡೆಯನ್ನು, ಕಟ್ಟಿಗೆ ಹೊಟ್ಟಿನಲ್ಲಿ ಹುಗಿದು, ಮೇಲೆ ಗೋಣಿ ತಟ್ಟು ಹೊಚ್ಚಿ, ಕೂಸಿನಂತೆ ಕಾಯುತ್ತಿದ್ದ. ದೀಪಾವಳಿ ಕಳೆಯಿತೆಂದರೆ ಅಂಗಡಿಗೆ ನೊಣವೂ ಬರುತ್ತಿರಲಿಲ್ಲ.

ಆದರೆ ಮಾಣಿಕಪ್ಪನಿಗೆ ಜೀವ ಬರುತ್ತಿದ್ದುದೇ ಆಗ. ಅಂಗಡಿಯ ಬಾಗಿಲಿಗೆ ಕೊಬ್ಬರಿ ಎಣ್ಣೆಯ ಶೀಸೆಯೊಂದನ್ನು ತೂಗುಹಾಕಿದ್ದ. ಎಣ್ಣೆ ಹೆಪ್ಪುಗಟ್ಟಿದ ಮುಂಜಾನೆ, ಮೊದಲ ಮೊಮ್ಮಗನ ಮುಖ ತೋರಿಸುವವನ ಹಾಗೆ ದಾರಿಹೋಕರನ್ನು ಕರೆದು ಶೀಸೆ ತೋರಿಸುತ್ತಿದ್ದ. ಬರೀ ಬನಿಯನ್ನಿನಲ್ಲಿ ನಿಂತು ಬಾಯಿಂದ ಹಾ ಎಂದು ಉಸಿರು ಬಿಡುತ್ತಿದ್ದ.

"ನೋಡ್ರಿ, ನೋಡ್ರಿ, ಬಾಯಾಗಿಂದ ಹೊಗಿ ಬರಾಕತ್ತದ!"

"ಬೀಡಿ ಸೇದಿರಬೇಕು ತಗೋ," ಎಂದು ಜನ ಮುಂದೆ ಹೋಗುತ್ತಿದ್ದರು.

ತನ್ನ ಹುಚ್ಚು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. "ನಾ ಎಂಥಾ ಶಾಣ್ಯಾ ನೋಡ್ರಿ," ಎಂದು ತಾನೇ ನಗುತ್ತಿದ್ದ. "ಸೋಡಾ ಮಾರಾಂವ ಥಂಡಿ ಬೇಡ್ಕೊಳ್ಳೋದಂದ್ರ, ಹಜಾಮ ಊರ ತುಂಬ ಬೋಳ್ತಲಿ ಬೇಡ್ಕೊಂಡಂಗ."

ಆ ವರ್ಷ ಎಳ್ಳಮಾಸಿಗೆ, ಎಳ್ಳು ಅಮಾವಾಸ್ಯೆಯ ಹಬ್ಬಕ್ಕೆ, ಮೂರು ದಿನ ಇರುವಾಗ ಅವನ ಹೆಂಡತಿ ನೀಲಾಬಾಯಿಯ ತಮ್ಮ ನಾಗೇಂದ್ರಪ್ಪ ಬೀದರದಿಂದ ಬಂದ. ಬೀದರ ಎತ್ತರದ ಊರು, ಚಳಿಗೆ ಹೆಸರಾದದ್ದು. ಅದನ್ನು ಆಡದಿದ್ದರೆ ನಾಗೇಂದ್ರಪ್ಪನಿಗೆ ಉಂಡ ರೊಟ್ಟಿ ಅರಗುತ್ತಿರಲಿಲ್ಲ.

"ಮಾಮಾ, ಇದಕ್ಕ ಥಂಡಿ ಅಂತೀರೇನ್ರಿ? ಇದು ನಮ್ಮ ಬೀದರದ ಬ್ಯಾಸಿಗಿ. ನಮ್ಮಲ್ಲಿ ಹಲ್ಲು ಕಟಕಟ ಅಂತಾವ, ಮಾತೇ ಹೊರಡಂಗಿಲ್ಲ."

"ಅಂಥಾ ಊರಾಗ ನೀ ಇಷ್ಟು ಮಾತು ಹ್ಯಾಂಗ ಕಲ್ತಿ? ಮತ್ತ ಬ್ಯಾಸಿಗಿ ಅಂತಿ, ಮೈಮ್ಯಾಲ ಸ್ವೆಟರು, ಅದರ ಮ್ಯಾಲ ಕಂಬಳಿ, ಕಿವಿಗಿ ಮಫ್ಲರು. ಬೆವರ್ತದೇನೋ?"

ನಾಗೇಂದ್ರಪ್ಪ ಬಂದದ್ದು ಹಬ್ಬಕ್ಕಷ್ಟೇ ಅಲ್ಲ. ಬೀದರದ ಬಸ್ ಸ್ಟ್ಯಾಂಡಿನ ಬದಿಗೆ ಅವನ ಹೋಟೆಲ್ಲಿತ್ತು. ಗಿರಾಕಿ ಹೆಚ್ಚಾಗಿ, ನಂಬಿಗಸ್ತ ಕೈ ಬೇಕಾಗಿತ್ತು. "ಅಕ್ಕನ್ನ ಕರ್ಕೊಂಡು ಅಲ್ಲೇ ಬಂದುಬಿಡ್ರಿ ಮಾಮಾ. ವರ್ಷಪೂರ್ತಿ ಧಂದೆನೂ ನಡೀತದ, ನಿಮ್ಮ ಥಂಡಿನೂ ಸಿಗ್ತದ."

ನೀಲಾಬಾಯಿ ಆಗಲೇ ಮನಸ್ಸಿನಲ್ಲಿ ಪಾತ್ರೆ ಕಟ್ಟಿಟ್ಟಿದ್ದಳು. "ಖರೇನೇ ಅದಲ್ರಿ. ನಾಕು ತಿಂಗಳು ಖಾಲಿ ಅಂಗಡಿ ಮುಂದ ಕೈ ಕಟ್ಕೊಂಡು ನಿಂದ್ರೋದು ಸಾಕು. ನಿಮಗ ಬೇಕಾದ್ದು ಥಂಡಿ ತಾನೇ? ಇಲ್ಲಿಗಿಂತ ಅಲ್ಲಿ ಭಾಳ ಅದ."

ಮಾಣಿಕಪ್ಪ ಬೆರಳು ಮಡಿಸಿ ಎಣಿಸಿ ನೋಡಿದ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ತೊಗರಿ ಹೊಲದ ಮೇಲಿಂದ ಹಾಯ್ದು, ಮನೆಯಂಗಳದ ಪರಸಿ ಕಲ್ಲು ತಣ್ಣಗಾಗಿಸಿ, ತನ್ನ ಬನಿಯನ್ನಿನೊಳಗೆ ನುಗ್ಗುವ ಚಳಿಯೇ ಬೇರೆ. ಎಂಟು ತಿಂಗಳು ಹೆಂಚಿನ ಮೇಲಿನ ರೊಟ್ಟಿಯಂತೆ ಬೆಂದವರಿಗೆ ಸಿಗುವ ಚಳಿ ಅದು. ಅದನ್ನು ಬಿಟ್ಟು ಇನ್ನೊಬ್ಬರೂರಿನ ಚಳಿಯಲ್ಲಿ ನಡುಗುವುದೆಂದರೇನು?

"ಅದು ನಿಮ್ಮ ಥಂಡಿ. ನಮ್ಮದಲ್ಲ," ಎಂದ.

"ಥಂಡಿಗೆ ಹೆಸರು ಬರ್ದಿರ್ತದೇನ್ರಿ ಮಾಮಾ?"

ನಾಗೇಂದ್ರಪ್ಪ ನಕ್ಕ, ನೀಲಾಬಾಯಿಯೂ ನಕ್ಕಳು. ಮಾಣಿಕಪ್ಪನಿಗೆ ರೋಷ ಬಂತು. "ನಮ್ಮೂರ ಥಂಡಿಗಿ ನೀರು ಬರ್ಫ ಆಗ್ತದ, ತಿಳ್ಕೋ!"

"ಹೌದಾ? ಯಾವಾಗ ಆಗ್ಯಾದ?"

ಯಾವಾಗಲೂ ಆಗಿರಲಿಲ್ಲ. "ಎಳ್ಳಮಾಸಿ ಮುಂಜಾನಿ ಒಳಗ ಆಗ್ತದ. ಆಗದಿದ್ರ ಶಿವರಾತ್ರಿಗಿ ಗಂಟು ಕಟ್ಟಿ ಬೀದರಕ್ಕ ಬರ್ತೀನಿ. ಆದ್ರ ಮಾತ್ರ ಈ ಮನಿಯಾಗ ಆ ಊರ ಹೆಸರು ಎತ್ತಬಾರದು!"

"ಆಯ್ತ್ರಿ," ಎಂದಳು ನೀಲಾಬಾಯಿ, ತಡಮಾಡದೆ.

ಉಳಿದದ್ದು ಮೂರು ಮುಂಜಾನೆ. ಹೊರಗೆ ಬಂದ ಮಾಣಿಕಪ್ಪ ತನ್ನ ತಲೆಗೆ ತಾನೇ ಒಂದು ಹೊಡೆದುಕೊಂಡ. ಇದು ಬಾಯಲ್ಲ, ಗೋಲಿ ಬಿದ್ದುಹೋದ ಸೋಡಾ ಶೀಸೆ ಎಂದು ಬೈದುಕೊಂಡ. ಮುಚ್ಚುವುದೇ ಇಲ್ಲ. ನೇರ ಸ್ಟೇಷನ್ನಿಗೆ ಹೋದ.

ಬೇಸಿಗೆಯಲ್ಲಿ ವಾಡಿಯಿಂದ ಬರ್ಫ ತಂದುಕೊಡುತ್ತಿದ್ದವನು ಹಮಾಲ ಗುಲಾಮ ದಸ್ತಗೀರ. ಅವನ ಅಜ್ಜ ಹೈದರಾಬಾದಿನ ಕಡೆ ಬರ್ಫದ ಕೆಲಸ ಮಾಡಿದವನಂತೆ.

"ಯಂತ್ರ ಬರೋಕಿಂತ ಮೊದ್ಲು ನಮ್ಮ ದಾದಾ ಬಯಲಾಗ ಬರ್ಫ ಬೆಳೀತಿದ್ರು, ಮಾಣಿಕಪ್ಪಣ್ಣ," ಎಂದ ದಸ್ತಗೀರ. "ನೆಲದ ಮ್ಯಾಲ ಕಣಕಿ ಹಾಸ್ರಿ, ದಪ್ಪಗ. ಅದರ ಮ್ಯಾಲ ಮಣ್ಣಿನ ಮುಚ್ಚಳ ಬೋರಲ ಅಲ್ಲ, ಅಂಗಾತ ಇಡ್ರಿ. ಒಂದು ಬೆರಳು ನೀರು ಹಾಕ್ರಿ, ಹೆಚ್ಚಿಗಿ ಬ್ಯಾಡ. ಗಾಳಿ ಇರಬಾರದು, ಮೋಡ ಇರಬಾರದು. ಬಾಕಿ ಅಲ್ಲಾನ ಮರ್ಜಿ."

ಮಾಣಿಕಪ್ಪ ಓಣಿಯ ತುಂಬ ತಿರುಗಿ ಗಡಿಗೆಯ ಮುಚ್ಚಳ ಬೇಡಿದ. ಇಪ್ಪತ್ತೊಂದು ಸಿಕ್ಕವು. ಪಕ್ಕದ ಮನೆಯ ಹಣಮಮ್ಮ ಕೊಡುವಾಗ ಕೇಳಿದಳು, "ಗಡಿಗಿ ಬಿಟ್ಟು ಬರೇ ಮುಚ್ಚಳ ಒಯ್ಯಾಕತ್ತೀಯಲ್ಲೋ ತಮ್ಮಾ, ಅಡಿಗಿ ಆಕಾಶದಾಗ ಮಾಡ್ತೀಯೇನು?"

"ಹೌದಬೇ ಅತ್ತಿ, ತಲಿ ಮೊದ್ಲೇ ಅಲ್ಲಿಗಿ ಹೋಗ್ಯಾದ. ಅಡಿಗಿನೂ ಅಲ್ಲೇ ಆಗ್ಲಿ."

ಹಿತ್ತಲಲ್ಲಿ ಜೋಳದ ಒಣ ದಂಟಿನ ಕಣಕಿ ಹಾಸಿದ. ಮುಚ್ಚಳ ಸಾಲಾಗಿ ಇಟ್ಟ. ಬೆರಳು ಅಳೆದು ನೀರು ಹಾಕಿದ. ದಸ್ತಗೀರ ಹೇಳಿದ್ದರಲ್ಲಿ ಒಂದಕ್ಷರ ತಪ್ಪಲಿಲ್ಲ. ಆಮೇಲೆ ಇಪ್ಪತ್ತು ವರ್ಷದ ಕೈರೂಢಿ ತಡೆಯಲಾರದೆ, ಅಂಗಡಿಯಿಂದ ಗೋಣಿ ತಟ್ಟುಗಳನ್ನು ತಂದು ಎಲ್ಲಾ ಮುಚ್ಚಳಗಳ ಮೇಲೆ ಬೆಚ್ಚಗೆ ಹೊಚ್ಚಿದ. ಬೇಸಿಗೆಯಲ್ಲಿ ಬರ್ಫದ ಥಂಡಿ ಓಡಿಹೋಗದಂತೆ ಹೀಗೆಯೇ ಅಲ್ಲವೇ ಕಾಯುವುದು? ಹೊಚ್ಚಬೇಡವೆಂದು ದಸ್ತಗೀರನೂ ಹೇಳಿರಲಿಲ್ಲ. ಹೇಳಬೇಕಾದೀತೆಂದು ಅವನಿಗಾದರೂ ಹೇಗೆ ಹೊಳೆಯಬೇಕು!

ಮೊದಲ ಮುಂಜಾನೆ ತಟ್ಟು ತೆಗೆದರೆ ನೀರು ನೀರಾಗಿಯೇ ಇತ್ತು. ನಾಗೇಂದ್ರಪ್ಪ ಬೆರಳು ಅದ್ದಿ, "ಮಕ ತೊಳ್ಕೊಳ್ಳಾಕ ಭಾಳ ಚಲೋ ಅದ ಮಾಮಾ," ಎಂದ. ಎರಡನೆಯ ರಾತ್ರಿ ಮಾಣಿಕಪ್ಪ ಇನ್ನೂ ಒಂದೊಂದು ತಟ್ಟು ಹೆಚ್ಚಿಗೆ ಹೊಚ್ಚಿದ. ಮುಂಜಾನೆ ಮತ್ತೆ ನೀರೇ. ನಾಗೇಂದ್ರಪ್ಪ, "ಜರಾ ಚಾಪುಡಿ ಸಕ್ಕರಿ ಹಾಕ್ರಿ, ಚಾ ಆಗ್ತದ," ಎಂದು ಹೋಗಿ ಮತ್ತೆ ಮಲಗಿಕೊಂಡ. ನೀಲಾಬಾಯಿ ಅಟ್ಟದಿಂದ ಕಬ್ಬಿಣದ ಟ್ರಂಕು ಇಳಿಸಿ ಒರೆಸತೊಡಗಿದಳು. ಆ ಸಪ್ಪಳ ಮಾಣಿಕಪ್ಪನ ಎದೆಗೇ ಬಡಿಯುತ್ತಿತ್ತು.

ಮೂರನೆಯ ಸಂಜೆ, ಮಳ್ಳನ ಹಟಕ್ಕೆ ಮದ್ದಿಲ್ಲ ಎಂಬಂತೆ, ಹಿತ್ತಲಲ್ಲಿ ಹೊರಸಿನ ಮಂಚ ಹಾಕಿಕೊಂಡು ಬನಿಯನ್ನಿನಲ್ಲೇ ಕುಳಿತ. ಬೆಳತನಕ ಕಣ್ಣು ಮುಚ್ಚುವುದಿಲ್ಲ, ಬರ್ಫ ಆಗುವುದನ್ನು ಕಂಡೇ ಕಾಣುತ್ತೇನೆ ಎಂದ. ಆ ಹೊತ್ತಿಗೆ ನೀಲಾಬಾಯಿ ಬಂದು, ಈದು ಎರಡು ದಿನವಾಗಿದ್ದ ಎಮ್ಮೆಯ ಕರು ನಡುಗುತ್ತಿದೆಯೆಂದು, ಕೊನೆಯ ಮುಚ್ಚಳದ ಮೇಲಿನ ಎರಡೂ ತಟ್ಟುಗಳನ್ನು ಎಳೆದುಕೊಂಡು ಹೋಗಿ ಕರುವಿಗೆ ಹೊಚ್ಚಿದಳು. ಒಂದು ಮುಚ್ಚಳ ಹೋದರೆ ಹೋಗಲಿ ಎಂದು ಮಾಣಿಕಪ್ಪ ಬಿಟ್ಟುಕೊಟ್ಟ.

ಕಣ್ಣು ತೆರೆದಾಗ ಮುಖದ ಮೇಲೆ ಬಿಸಿಲಿತ್ತು. ಕುತ್ತಿಗೆಯಲ್ಲಿ ಬೆವರು! ಯಾರೋ ಎರಡು ಕಂಬಳಿ ಹೊಚ್ಚಿ, ಅಂಚು ಮಡಿಸಿ ಕಾಲಡಿಗೆ ಒತ್ತಿದ್ದರು. ಯಾರೆಂದು ಕೇಳುವುದೇ ಬೇಕಿರಲಿಲ್ಲ. ಆ ಯಾರೋ ಕೊನೆಯ ಮುಚ್ಚಳದ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದಳು. ಒಂದು ಕೆನ್ನೆ ಉಬ್ಬಿತ್ತು.

"ಏನ್ ತಿನ್ನಾಕತ್ತಿ?" ಎಂದು ಕಂಬಳಿ ಸಮೇತ ಓಡಿದ.

ನೀಲಾಬಾಯಿಗೆ ಹಲ್ಲು ಜುಮ್ಮೆಂದು ಮಾತು ಹೊರಡಲಿಲ್ಲ. ಕೈಯಿಂದ ಮುಚ್ಚಳ ತೋರಿಸಿದಳು. ಅದರ ಅಂಚಿಗೆ ಉಗುರಿನಷ್ಟಗಲದ, ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳ್ಳಗಿನ ಒಂದು ಚೂರು ಅಂಟಿಕೊಂಡು ಮಿನುಗುತ್ತಿತ್ತು. ಮಾಣಿಕಪ್ಪ ಅದನ್ನು ಬೆರಳ ತುದಿಗೆ ಎತ್ತಿಕೊಂಡ. ಬಾಯಿ ತೆರೆದು ನಾಗೇಂದ್ರಪ್ಪನನ್ನು ಕೂಗಿದ. ನಾಗೇಂದ್ರಪ್ಪ ಸ್ವೆಟರು ಹುಡುಕಿ, ಮಫ್ಲರು ಸುತ್ತಿ, ಕಂಬಳಿ ಹೊದ್ದು ಹೊರಬರುವಷ್ಟರಲ್ಲಿ ಮಾಣಿಕಪ್ಪ ಬರೀ ಒದ್ದೆ ಬೆರಳು ಎತ್ತಿ ಹಿಡಿದುಕೊಂಡು ನಿಂತಿದ್ದ.

"ಇದೇನ್ರಿ ಮಾಮಾ, ಗಾಳಿ ಯಾವ ಕಡಿ ಅದ ನೋಡ್ಲಿಕತ್ತೀರೇನು?"

"ಬರ್ಫ ಆಗಿತ್ತೋ!"

"ಎಲ್ಲದ?"

ಉಳಿದ ಇಪ್ಪತ್ತು ಮುಚ್ಚಳಗಳ ತಟ್ಟು ತೆಗೆದರು. ಎಲ್ಲವೂ ನೀರು. ಮಾಣಿಕಪ್ಪ ಹೆಂಡತಿಯ ಕಡೆ ನೋಡಿದ. ಇನ್ನು ಇದ್ದದ್ದು ಅವಳ ನಾಲಗೆಯೊಂದೇ. ಅವಳು ಇಲ್ಲ ಎಂದರೆ ಮುಗಿಯಿತು, ಒರೆಸಿದ ಟ್ರಂಕು ಬಾಗಿಲಲ್ಲೇ ಇದೆ. ನೀಲಾಬಾಯಿ ತಮ್ಮನನ್ನು ನೋಡಿದಳು, ಟ್ರಂಕು ನೋಡಿದಳು. ಆಮೇಲೆ ಕಂಬಳಿ ನೆಲಕ್ಕೆ ಎಳೆಯುತ್ತ, ಬೆರಳು ಇನ್ನೂ ಇಳಿಸದೆ ನಿಂತಿದ್ದ ಗಂಡನನ್ನು ನೋಡಿದಳು.

"ಆಗಿತ್ತು. ಮುಚ್ಚಳದ ತುಂಬ ಇತ್ತು. ನಾ ತಿಂದೆ," ಎಂದಳು.

"ಅಕ್ಕಾ, ಹಬ್ಬದ ದಿನ ಸುಳ್ಳು ಹೇಳಬಾರದು ನೋಡು."

"ಸುಳ್ಳು ಹೇಳಿ ನಂಗೇನು ಸಿಗ್ತದೋ? ನಿಮ್ಮೂರಿಗಿ ಬರ್ಬೇಕಂತ ಟ್ರಂಕು ಒರಸ್ಕೊಂಡು ಕುಂತಾಕಿ ನಾನೇ ಅಲ್ಲೇನು?"

"ಮತ್ತ ತಿಂದಿ ಯಾಕ?"

"ಮದುವಿ ಆಗಿ ಹದಿನೈದು ವರ್ಷ ಆತು, ಇವರು ಊರಿಗೆಲ್ಲಾ ಬರ್ಫ ಕುಡಿಸ್ಯಾರ. ನನ್ನ ಬಾಯಾಗ ಒಂದು ಚೂರು ಇಟ್ಟಿಲ್ಲ. ನಮ್ಮ ಹಿತ್ತಲದಾಗ ಬೆಳದದ್ದು ಕಂಡ ಕೂಡ್ಲೇ ತಡೀಲಿಲ್ಲೋ ಜೀವ."

ನಾಗೇಂದ್ರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಸಾಕ್ಷಿನೇ ಮುದ್ದೆಮಾಲು ತಿಂದ ಮ್ಯಾಲ ಕೇಸು ಎಲ್ಲೀದು! ಆಯ್ತ್ರಿ ಮಾಮಾ, ಗೆದ್ರಿ." ನೀಲಾಬಾಯಿ ಎದ್ದು ಟ್ರಂಕು ಒಳಗೆ ಎಳೆದಳು. ಜೋರಾಗಿಯೇ ಎಳೆದಳು. ಆದರೆ ಆ ಮನೆಯಲ್ಲಿ ಬೀದರದ ಹೆಸರು ಮತ್ತೆ ಬರಲಿಲ್ಲ.

ಹಬ್ಬ ಮುಗಿಸಿ ಸ್ಟೇಷನ್ನಿಗೆ ಹೋದಾಗ ದಸ್ತಗೀರ ಕಥೆ ಕೇಳಿ ಹಣೆ ಚಚ್ಚಿಕೊಂಡ. "ಯಾ ಅಲ್ಲಾ! ತಟ್ಟು ಹೊಚ್ಚಿದ್ರೇನು? ಆಕಾಶ ಕಾಣದಿದ್ರ ನೀರಿಗಿ ಥಂಡಿ ಎಲ್ಲಿಂದ ಹತ್ತಬೇಕು?"

ಅಲ್ಲಿಂದ ಮುಂದೆ ಮಾಣಿಕಪ್ಪ ಖಾಲಿ ಅಂಗಡಿಯ ಮುಂದೆ ನಿಂತವರಿಗೆಲ್ಲ ಈ ಕಥೆ ಹೇಳುತ್ತಿದ್ದ. "ಹೊಚ್ಚಿಟ್ಟಿದ್ದು ಇಪ್ಪತ್ತು ಮುಚ್ಚಳ, ಇಪ್ಪತ್ತೊಂದನೇದು ನಾನು. ಒಂದರಾಗೂ ಬರ್ಫ ಆಗ್ಲಿಲ್ಲ. ಜನ್ಮೆಲ್ಲ ಥಂಡಿ ಥಂಡಿ ಅಂತ ಕಾದಾಂವ, ಅದು ಬಂದ ಮುಂಜಾನಿ ಬೆವರ್ಕೋತ ಮಲಗಿದ್ದೆ ನೋಡ್ರಿ!"

ಪ್ರತಿ ಎಳ್ಳಮಾಸಿಗೂ ಹೆಂಡತಿಯನ್ನು ಕೇಳುತ್ತಿದ್ದ: "ಹ್ಯಾಂಗಿತ್ತು, ಮತ್ತೊಮ್ಮಿ ಹೇಳು." ಮರುವರ್ಷ ಅವಳ ಬಾಯಲ್ಲಿ ಅದು ಹಪ್ಪಳದಷ್ಟು ದಪ್ಪವಿತ್ತು. ಅದರ ಮರುವರ್ಷ ಸಜ್ಜಿ ರೊಟ್ಟಿಯಷ್ಟಾಯಿತು. ಹಿತ್ತಲಲ್ಲಿ ಈಗ ಒಂದೇ ಮುಚ್ಚಳ ಇಡುತ್ತಿದ್ದ, ತಟ್ಟಿಲ್ಲದೆ. ಪಕ್ಕದಲ್ಲಿ ಹೊರಸು ಹಾಕಿಕೊಂಡು, ಈ ಸಲ ಕಂಬಳಿ ಹೊಚ್ಚಬೇಡ ಎಂದು ಆಣೆ ಹಾಕಿಸುತ್ತಿದ್ದ. ನೀಲಾಬಾಯಿ ಆಯಿತೆನ್ನುತ್ತಿದ್ದಳು. ಬೆಳಗಾಗುವುದರೊಳಗೆ ಎರಡೂ ಕಂಬಳಿ ಅವನ ಮೈಮೇಲಿರುತ್ತಿದ್ದವು.