ಅತ್ತೆಯ ಅವ್ವನ ಬೆಳ್ಳಿ ಮುಖ

ಶುಕ್ರವಾರ ಬಂತೆಂದರೆ ನಮ್ಮ ಮನೆಯಲ್ಲಿ ಮೊದಲು ಮೀಯುವವರು ಅತ್ತೆಯ ಅವ್ವ. ಗಾಬರಿಯಾಗಬೇಡಿ, ಆಕೆ ಅಂಗೈಯಗಲದ ಒಂದು ಮುಖ, ತಾಮ್ರದ ಮೇಲೆ ಬೆಳ್ಳಿ ಕೂರಿಸಿದ್ದು. ಅತ್ತೆ ಇನ್ನೂ ತೊಟ್ಟಿಲಲ್ಲಿದ್ದಾಗಲೇ ಅವರ ತಾಯಿ ಗೋವಿಂದನಹಳ್ಳಿಯಲ್ಲಿ ತೀರಿಕೊಂಡರಂತೆ. ಫೋಟೋ ಗೀಟೋ ಇಲ್ಲದ ಕಾಲ. ಹೆಂಡತಿಯ ಮುಖ ಮರೆತೇಹೋದೀತೆಂದು ಹೆದರಿದ ಗಂಡ ನಾಗಮಂಗಲದ ಆಚಾರಿಯೊಬ್ಬರ ಎದುರು ಕೂತು, ಹಣೆ ಹೀಗೆ, ಮೂಗು ಹೀಗೆ ಎಂದು ಹೇಳಿ ಹೇಳಿ ಮಾಡಿಸಿದ್ದು ಅದು. ಕಳಸದ ಮೇಲೆ ಕೂರುವ ಆ ಮುಖವನ್ನು ಬಿಟ್ಟರೆ ಅತ್ತೆ ಬೇರೆ ತಾಯಿಯನ್ನು ಕಂಡವರಲ್ಲ.

ಆ ಕಾಲದ ಬೆಳ್ಳಿಕೆಲಸ ಈಗಿನ ಹಾಗೆ ಕರೆಂಟಿನ ತೊಟ್ಟಿಯಲ್ಲಿ ಅದ್ದಿ ತೆಗೆಯುವ ಥಳುಕಲ್ಲ. ತಾಮ್ರದ ತಗಡನ್ನು ಅರಗಿನ ಮೇಲೆ ಮಲಗಿಸಿ, ಹಿಂದಿನಿಂದ ತಟ್ಟಿ ತಟ್ಟಿ ಕೆನ್ನೆ ಎಬ್ಬಿಸಿ, ತೆಳ್ಳನೆಯ ಬೆಳ್ಳಿ ರೇಕನ್ನು ಕೆಂಡದ ಕಾವಿನಲ್ಲಿ ಉಜ್ಜಿ ಕೂರಿಸಬೇಕು. ಎಷ್ಟು ಚೆನ್ನಾಗಿ ಕೂತರೂ ಅದು ತೊಗಲು ಮಾತ್ರ. ನಮ್ಮವರ ಭಕ್ತಿಯೋ ಹುಣಸೆಹಣ್ಣಿನ ಭಕ್ತಿ, ಉಜ್ಜಿದಷ್ಟೂ ಪುಣ್ಯ! ವಾರವಾರವೂ ಉಜ್ಜಿಸಿಕೊಂಡ ಆ ತಾಯಿಯ ಮೂಗಿನ ತುದಿಯಲ್ಲಿ ತಾಮ್ರ ಇಣುಕಿತು, ಕಣ್ಣು ಮಾಸಿತು. ದೃಷ್ಟಿ ಮಂಜಾಗಿ, ಬೆರಳಿನಲ್ಲೇ ಅವ್ವನನ್ನು ನೋಡುತ್ತಿದ್ದ ಅತ್ತೆ ಒಂದು ದಿನ ಅತ್ತುಬಿಟ್ಟರು. "ನಮ್ಮವ್ವ ಒಂಟೋಯ್ತಾವ್ಳೆ ಕಣವ್ವಾ. ಏನಾರಾ ಮಾಡು."

ನಾಗಮಂಗಲಕ್ಕೆ ಒಯ್ದೆ. ಈಗಿನ ಆಚಾರಿ ಮುಖವನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, ಸುತ್ತಿಗೆ ಎತ್ತಿಕೊಂಡರು. ಒಂದೊಂದು ಏಟಿಗೂ ಮೊದಲು ಅವರ ಕಣ್ಣು ನನ್ನ ಮೇಲೆ. ಇದೇನಪ್ಪಾ ಹೀಗೆ ನೋಡುತ್ತಾರೆಂದು ಸೆರಗು ಸರಿಮಾಡಿಕೊಂಡೆ. ಬೆಳ್ಳಿ ಹತ್ತಿಸಿ ಕೈಗಿಟ್ಟಾಗ ಬೆಳಕಿಗೆ ಹಿಡಿದು ನೋಡಿದೆ. ಅಗಲ ಹಣೆ, ತುಸು ಸೊಟ್ಟ ಮೂಗು, ಎಡಹುಬ್ಬಿನ ಹಳೆಯ ಗಾಯದ ಗೆರೆ ಕೂಡ. ಅಯ್ಯೋ, ನಾನೇ!

"ಇದೇನ್ ಮಾಡ್ಬುಟ್ರಿ?" ಅಂದೆ.

"ಸವೆದೋದ ಮುಖವ ತಂದೋರ ಮುಖ ನೋಡೇ ತಿದ್ದೋದು ಕಣವ್ವಾ. ಅಜ್ಜಿ ಚಾಯೆ ಮೊಮ್ಮಗಳಲ್ಲಿ ಇದ್ದೇ ಇರ್ತದೆ ಅಂತ ನಮ್ಮಪ್ಪ ಏಳ್ಕೊಟ್ಟಿದ್ದು."

ಪಾಪ, ನಾನು ಮೊಮ್ಮಗಳೆಂದು ತಿಳಿದಿದ್ದರು. ಸೊಸೆಯೆಂದು ನಾನು ಹೇಳಿರಲಿಲ್ಲ, ಅವರು ಕೇಳಿರಲೂ ಇಲ್ಲ.

ಬಾಬುರಾಯನಕೊಪ್ಪಲಿನ ನಮ್ಮ ಮನೆಯ ನಡುಮನೆಯಲ್ಲಿ ಅತ್ತೆ ಅದರ ಮೇಲೆ ಬೆರಳಾಡಿಸಿದರು. ಹಣೆ, ಮೂಗು, ಹುಬ್ಬು. ಬೆರಳು ಆ ಗೆರೆಯ ಮೇಲೆ ನಿಂತಿತು. ಆಮೇಲೆ ಅದೇ ಬೆರಳು, ತಣ್ಣಗೆ, ನನ್ನ ಹುಬ್ಬಿಗೆ ಬಂತು.

"ನೀನು ಇಲ್ಲೇ ಇದ್ದೀಯಲ್ಲವ್ವಾ. ನಮ್ಮವ್ವ ಎಲ್ಲೋದ್ಳು?"

ಈಗ ಅವರಿಗೆ ಶುಕ್ರವಾರವೂ ಒಂದೇ, ಸೋಮವಾರವೂ ಒಂದೇ, ದಿನವೂ ಉಜ್ಜುತ್ತಾರೆ. "ಒಳಗವ್ಳೆ ಕಣವ್ವಾ, ಮೇಲಿಂದು ಸವೆದೋದ್ರೆ ಬತ್ತಾಳೆ." ಸುತ್ತಿಗೆ ತಾಮ್ರವನ್ನೇ ತಿದ್ದಿದೆ, ಒಳಗೆ ಯಾರೂ ಉಳಿದಿಲ್ಲ ಎಂದು ಹೇಗೆ ಹೇಳಲಿ, ನೀವೇ ಹೇಳಿ. ಹೂವು ಮುಡಿಸಲು ಹೋದಾಗಲೆಲ್ಲ ಕಳಸದ ಮೇಲೆ ಕೂತವಳು ನನ್ನನ್ನೇ ದಿಟ್ಟಿಸುತ್ತಾಳೆ. ಅವಳ ಹುಬ್ಬಿನ ಗೆರೆ ಆಗಲೇ ಅಳಿಸಿಹೋಗಿದೆ. ಭಯವಾಗುತ್ತದೆ, ಸುಳ್ಳೇಕೆ? ಆದರೂ ಬೆಳಗಾದರೆ ಹುಣಸೆಹಣ್ಣು ನೆನೆಸಿಕೊಡುವವಳು ನಾನೇ.

ಮೊನ್ನೆ ಅತ್ತೆಯ ಕೈ ತಟ್ಟನೆ ನಿಂತಿತು. ಮಗುವಿನ ಹಾಗೆ ನಕ್ಕರು. "ಬಂದ್ಲು ಕಣವ್ವಾ!"

ಬಗ್ಗಿ ನೋಡಿದೆ. ಮೂಗಿನ ತುದಿಯಲ್ಲಿ ಚೂರು ತಾಮ್ರ ಕಂಡಿತ್ತು, ಅಷ್ಟೆ. ಮಿಕ್ಕ ಮುಖವೆಲ್ಲ ನನ್ನದೇ.

"ಊಂ ಅತ್ತೆ, ಬಂದ್ರು" ಎಂದು ಅದಕ್ಕೆ ಕುಂಕುಮವಿಟ್ಟೆ. ನನ್ನ ಹಣೆ ತಣ್ಣಗಾಯಿತು.