ಹಲಗೆ ಅಜ್ಜನ ಚಿಂತೆ

ಲಿಂಗಸುಗೂರಿನಿಂದ ಸಿಂಧನೂರಿಗೆ ಹೊರಟ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ದೆವ್ವದ ಸಿನಿಮಾ ನೋಡುತ್ತಿದ್ದೆ. ದೆವ್ವ ಹೊಕ್ಕ ಹುಡುಗಿ ಕೂದಲು ಕೆದರಿ ಕುಣಿದಂತೆಲ್ಲ ಹಿನ್ನೆಲೆಯಲ್ಲಿ ಹಲಗೆ ವಾದ್ಯದ ಬಡಿತ ಏರುತ್ತಿತ್ತು. ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಹಲಗೆ ಇಟ್ಟುಕೊಂಡಿದ್ದ ಅಜ್ಜ ತಿರುಗಿದರು. ಸೌಂಡ್ ಕಡಿಮೆ ಮಾಡು ಎಂದು ಬೈಯುತ್ತಾರೆ ಅಂದುಕೊಂಡೆ.

“ತಂಗಿ, ಈ ಸಿನಿಮಾದಾಗ ಹಲಗಿ ಬಾರ್ಸಾಂವಗ ಏರ್ಸಾಕ ಬರ್ತೈತಿ, ಇಳ್ಸಾಕ ಬರಂಗಿಲ್ಲ. ಮೈಮ್ಯಾಲೆ ದೇವ್ರು ಬಂದವ್ರನ್ನ ನಾವು ನಿಧಾನಕ ಬಾರ್ಸಿ ಇಳಿಸ್ತೀವಿ. ಹಂಗ ಬಿಟ್ರ ಆ ಹುಡುಗಿ ಗತಿ ಏನು?”

ಹಾಗೆಂದವರೇ ತಮ್ಮ ಹಲಗೆಯನ್ನು ಬೆರಳ ತುದಿಯಿಂದ ಮೆಲ್ಲಗೆ, ತಡೆತಡೆದು ತಟ್ಟಿದರು. ನನ್ನ ಎದೆಬಡಿತವೂ ಇಳಿಯಿತು. ಮಸ್ಕಿಯಲ್ಲಿ ಅವರು ಇಳಿದುಹೋದರು.

ಉಳಿದ ಸಿನಿಮಾ ಮನೆಯಲ್ಲಿ ನೋಡಿದೆ. ದೆವ್ವ ಓಡಿಹೋಯಿತು, ಎಲ್ಲರೂ ನಕ್ಕರು. ಹಲಗೆ ಮಾತ್ರ ಕೊನೆಯವರೆಗೂ ನಿಧಾನವಾಗಲಿಲ್ಲ. ಆ ಹುಡುಗಿಯ ಚಿಂತೆ ನನ್ನನ್ನು ಇನ್ನೂ ಬಿಟ್ಟಿಲ್ಲ.